ಜೇನು ಸುರಿದ ದಾರಿ

ಒಬ್ಬ ಶ್ರೀಮಂತನಿದ್ದ. ಇಲ್ಲಿಯವನಲ್ಲ, ಈಗ ಟರ್ಕಿ ಎನ್ನುತ್ತೇವಲ್ಲ, ಆ ನೆಲದಲ್ಲಿ ಮೂರು ಸಾವಿರ ವರ್ಷಕ್ಕೂ ಹಿಂದೆ ಬಾಳಿದ ಹಿಟ್ಟೈಟ ಜನದವನು. ನೋಡಿ, ಆ ಜನ ಬೇರೆಲ್ಲಿಂದಲೋ ಬಂದು ನೆಲೆಸಿದವರು. ಅಲ್ಲಿ ಮೊದಲಿದ್ದವರ ನಾಡಿನ ಹೆಸರನ್ನೇ ತಮ್ಮದು ಮಾಡಿಕೊಂಡರು, ಅವರ ದೇವರುಗಳಿಗೂ ಕೈಮುಗಿದರು. ಗೆದ್ದ ಊರುಗಳ ದೇವರನ್ನೂ ಕರೆತಂದು, ನಮ್ಮದು ಸಾವಿರ ದೇವರ ನಾಡು ಎನ್ನುತ್ತಿದ್ದರು. ದೇವರು ಮುನಿದು ಹೊರಟುಹೋದರೆ ದಾರಿಯುದ್ದಕ್ಕೂ ಜೇನು, ಎಣ್ಣೆ ಸುರಿದು, ಆಯಾ ದೇವರ ಊರಿನ ಮಾತಿನಲ್ಲೇ ಹಾಡಿ ಕರೆಯುತ್ತಿದ್ದರು. ಎಷ್ಟು ಒಳ್ಳೆಯ ಜನ, ಅಲ್ಲವೇ? ತಾಳಿ.

ಈ ಶ್ರೀಮಂತನೂ ಸೋತ ಊರೊಂದರ ದೇವರನ್ನು ತಂದು ಬೆಳ್ಳಿ ಪೀಠದ ಮೇಲೆ ಕೂರಿಸಿದ್ದ. ಅದೇ ಊರಿನ ಹುಡುಗಿಯನ್ನು ಅವನ ತಮ್ಮ ಮದುವೆಯಾಗಿ ಕರೆತಂದ. ಅವಳನ್ನು ಮಾತ್ರ ಈ ಅಣ್ಣ ಹೊಸಿಲು ದಾಟಗೊಡಲಿಲ್ಲ. ಸೋತವರ ಮನೆಯ ಹೆಣ್ಣಂತೆ. ದೇವರು ಯಾರ ಮನೆಯವನಪ್ಪಾ? ಪಾಪ, ಗಂಡ ಹೆಂಡತಿ ಊರಾಚೆ ಗುಡಿಸಲು ಹಾಕಿಕೊಂಡರು.

ಆಮೇಲೆ ಶ್ರೀಮಂತನ ಒಬ್ಬಳೇ ಮಗಳಿಗೆ ಜ್ವರ ಬಂತು, ಇಳಿಯಲೇ ಇಲ್ಲ. ಯಾವ ದೇವರು ಮುನಿದಿದ್ದಾನೆ ಎಂದು ಶಕುನ ಕೇಳಿಸಿದ. ಬೆಳ್ಳಿ ಪೀಠದವನೇ, ಮುನಿದು ಎದ್ದುಹೋಗಿದ್ದಾನೆ ಎಂದು ಬಂತು. ನಾಲ್ಕು ದಿಕ್ಕಿಗೂ ಜೇನು ಸುರಿಸಿದ. ಇರುವೆ ಬಂದವು, ದೇವರು ಬರಲಿಲ್ಲ. ಶಾಂತಿ ಮಾಡಿಸಲು ಬಂದಿದ್ದ ಮುದುಕಿಗೆ ರೇಗಿಹೋಯಿತು.

"ಅವನ ಮಾತಲ್ಲೇ ಕರೀಬೇಕಪ್ಪ. ಆ ಮಾತು ಬಲ್ಲವಳು ಈ ಊರಲ್ಲಿ ಒಬ್ಬಳೇ. ಅವಳನ್ನ ನೀನೇ ಓಡಿಸಿದೀಯ. ಇನ್ನು ನಾನೇನು ಮಾಡ್ಲಿ?"

ಅವನಿಗೆ ಕೋಪ ಬಂತು, ನಾಚಿಕೆಯಾಯಿತು, ಕೊನೆಗೆ ಮಗಳ ಮುಖ ನೋಡಿ ಭಯವಾಯಿತು. ಜೇನಿನ ಕೊಡವನ್ನು ತಾನೇ ಎತ್ತಿಕೊಂಡು, ಮನೆಯ ಹೊಸಿಲಿಂದ ಆ ಗುಡಿಸಲಿನವರೆಗೆ ಸುರಿಯುತ್ತ ಹೋದ. ತಮ್ಮನ ಹೆಂಡತಿ ಹೊರಬಂದು ನೆಲ ನೋಡಿದಳು.

"ಇದು ದೇವರಿಗೆ ಹಾಕಿದ ದಾರಿ ಅಲ್ವಾ ಭಾವ? ನಾನೆಲ್ಲಿ ನಡೀಲಿ, ಪಕ್ಕದಲ್ಲಾ?"

ಅವನು ತಲೆ ತಗ್ಗಿಸಿ, "ಇದರ ಮೇಲೇ ಬಾಮ್ಮ" ಎಂದ.

ಅವಳು ಬಂದಳು, ಹಾಡಿದಳು. ಜ್ವರ ಇಳಿಯಿತೇ ಎಂದು ಕೇಳುತ್ತೀರಿ. ಇಳಿಯಿತು, ಬಿಡಿ. ನಿಮಗೆ ಬೇಕಾದದ್ದು ಅಷ್ಟೇ ತಾನೇ?

ಎಷ್ಟು ಸಲ ಹೇಳಲಿ ನಿಮಗೆ? ಹರಕೆ ಹೊತ್ತು ಇನ್ನೂರು ಮೈಲಿ ದೂರದ ದೇವರ ಹತ್ತಿರ ಹೋಗುತ್ತೀರಿ. ಬೇರೆ ಜಾತಿಯವಳೆಂದು ದೂರವಿಟ್ಟ ಸೊಸೆಗೆ ಹಬ್ಬದ ದಿನವೂ ಒಂದು ಫೋನು ಮಾಡುವುದಿಲ್ಲ. ಇಲ್ಲಿ ಕೂತು ತಲೆ ಅಲ್ಲಾಡಿಸುತ್ತೀರಿ, ಚಪ್ಪಲಿ ಮೆಟ್ಟುವಷ್ಟರಲ್ಲಿ ಮರೆಯುತ್ತೀರಿ. ಇವತ್ತು ಪ್ರಸಾದ ಕಟ್ಟಿಸಿಕೊಂಡವರು ನೇರ ಮನೆಗೆ ಹೋಗಬೇಡಿ. ಆ ಸೊಸೆಯ ಬಾಗಿಲು ತಟ್ಟಿ, ಮೊದಲು ಅವಳ ಕೈಗೆ ಕೊಡಿ. ಅವಳನ್ನು ಮನೆಗೆ ಕರೆತಂದು ಸಂಜೆಯ ದೀಪ ಅವಳಿಂದಲೇ ಹಚ್ಚಿಸಿ. ಅದು ಆಗುವುದಿಲ್ಲವೋ, ದೇವರು ಮುನಿದಿದ್ದಾನೆ ಎಂದು ಮತ್ತೆ ನನ್ನ ಮುಂದೆ ಬಂದು ಅಳಬೇಡಿ.