ಕ್ಷೌರಿಕನ ಜೇಬಿನ ಲವಂಗ

ಹಲ್ಲಿನ ವೈದ್ಯರ ಹೊರಕೋಣೆಯಲ್ಲಿ ನನ್ನೆದುರು ಒಬ್ಬ ಕ್ಷೌರಿಕ, ಅವನ ಪಕ್ಕ ಹೆಂಡತಿ. ಅವನ ಅಂಗಿತೋಳಿಗೆ ಯಾರದೋ ಕೂದಲು ಇನ್ನೂ ಅಂಟಿತ್ತು. ಮಾತಾಡುವಾಗಲೆಲ್ಲ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದ.

“ಹೋದ್ಸಲ ಡಾಕ್ಟ್ರು ಏನಂದ್ರು? ಈಗಾದ್ರೂ ಹೇಳಿ,” ಎಂದಳು ಹೆಂಡತಿ.

“ವಸಡಿನ ಕೆಳಗೆ ಪಾಚಿ ಕಲ್ಲಿನ ಹಾಗೆ ಗಟ್ಟಿಯಾಗಿದೆಯಂತೆ. ಬಾಯಿ ವಾಸನೆಗೆ ಅದೇ ಮೂಲ. ಇವತ್ತು ಕೆರೆದು ತೆಗೀತಾರೆ.”

“ದಿನಾ ಹಲ್ಲುಜ್ತೀರಲ್ಲ?”

“ರಕ್ತ ಬರುತ್ತೆ ಅಂತ ಆ ಕಡೆ ಬ್ರಷ್ ಮುಟ್ಟಿಸೋದೇ ಬಿಟ್ಟಿದ್ದೆ. ಅಲ್ಲೇ ಮೆಲ್ಲಗೆ ಉಜ್ಜಬೇಕಿತ್ತಂತೆ. ನಾಲಿಗೇನೂ ಕ್ಲೀನ್ ಮಾಡ್ಬೇಕು, ಬಾಯಿ ಒಣಗೋಕೆ ಬಿಡ್ಬಾರ್ದು ಅಂದ್ರು.”

“ಗಿರಾಕಿ ಕೂತಿದ್ರೆ ನೀವು ಹನಿ ನೀರೂ ಮುಟ್ಟಲ್ವಲ್ಲ.”

ಅವನು ಅಂಗಿತೋಳಿನ ಕೂದಲನ್ನು ಕೊಡವಿದ.

“ಅಂಗಡೀಲಿ ಹಳೇ ಗಿರಾಕಿಗಳೂ ಒಬ್ಬೊಬ್ರೇ ಪಕ್ಕದವನ ಕುರ್ಚಿಗೆ ಹೋದ್ರು. ನನ್ನ ಕೈ ನಡುಗ್ತಿದೆಯೇನೋ ಅಂದ್ಕೊಂಡೆ. ಕನ್ನಡಿ ಮುಂದೆ ಕೈ ಚಾಚಿ ಚಾಚಿ ನೋಡ್ಕೋತಿದ್ದೆ.”

“ಕೈಯಲ್ಲ ಅಂತ ನನಗೆ ಗೊತ್ತಿತ್ತು.”

“ನಿಂಗೆ ಗೊತ್ತಿತ್ತಾ?”

“ಮತ್ತೆ ದಿನಾ ನಿಮ್ಮ ಜೇಬಿಗೆ ಲವಂಗ ಯಾಕೆ ಹಾಕ್ತಿದ್ದೆ?”

“ಕೆಮ್ಮಿಗೆ ಅಂದ್ಕೊಂಡಿದ್ದೆ ಕಣೇ.”

“ಹೇಳೋಕೆ ಬಾಯಿ ಬರ್ಲಿಲ್ಲ.”

“ಹೊತ್ತುಹೊತ್ತಿಗೂ ನನ್ನ ಕೈನೇ ಬೈಕೊಂಡೆನಲ್ಲ. ಒಂದು ಮಾತು ಅನ್ಬಾರ್ದಿತ್ತಾ?”

“ಅಂದ್ಬಿಟ್ರೆ ನನ್ನ ಹತ್ರ ಮಾತಾಡುವಾಗ್ಲೂ ಹೀಗೆ ಬಾಯಿ ಮುಚ್ಕೋತೀರಿ ಅಂತ ಭಯ ಆಯ್ತು ರೀ.”

ಒಳಗಿನಿಂದ ಕರೆ ಬಂತು. ಅವನು ಎದ್ದು, “ನೀನೂ ಬಾ” ಎಂದ.

ಅವಳು ಅವನ ಬಾಯಿಗೆ ಅಡ್ಡವಿದ್ದ ಕೈಯನ್ನು ಮೆಲ್ಲನೆ ಕೆಳಗಿಳಿಸಿದಳು. ಅದನ್ನು ಹಿಡಿದುಕೊಂಡೇ ಒಳಗೆ ನಡೆದಳು. ಆ ಕೈ ಒಂಚೂರೂ ನಡುಗುತ್ತಿರಲಿಲ್ಲ.