ಕೈತೂಕಕ್ಕೆ ಕೊಂಡ ಪವರ್ ಸಪ್ಲೈ

ಹೆಸರು: ಮೆಹಬೂಬಸಾಬ ತಂದೆ ಇಮಾಮಸಾಬ. ವಯಸ್ಸು: 61 ವರ್ಷ. ಉದ್ಯೋಗ: ಹಿಂದೆ ಗಂಗಾವತಿಯ ಭತ್ತದ ಮಾರುಕಟ್ಟೆಯಲ್ಲಿ ತೂಕದವನು, ಈಗ ಏನೂ ಇಲ್ಲ. ವಾಸ: ಕಾಲುವೆ ದಂಡೆಯ ಓಣಿ, ಶ್ರೀರಾಮನಗರ, ತಾಲೂಕು ಗಂಗಾವತಿ, ಜಿಲ್ಲೆ ಕೊಪ್ಪಳ.

ಸದರಿ ನಾನು ಇಂದು ದಿನಾಂಕ 19-08-2025, ಮಂಗಳವಾರ ಬೆಳಿಗ್ಗೆ 11.10ಕ್ಕೆ ಹೆಂಡತಿ ಅಬೇದಾಬಿಯೊಂದಿಗೆ ಠಾಣೆಗೆ ಹಾಜರಾಗಿ ಬರೆದು ತಿಳಿಸುವುದೇನೆಂದರೆ, ನನಗೆ ಮಾತು ಬರುವುದಿಲ್ಲ. ಗಂಟಲಿನ ಕ್ಯಾನ್ಸರಿಗಾಗಿ 14-03-2023ರಂದು ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ನನ್ನ ಧ್ವನಿಪೆಟ್ಟಿಗೆಯನ್ನು ತೆಗೆದಿದ್ದಾರೆ. ಆದ್ದರಿಂದ ನಾನು ಹಾಳೆಯ ಮೇಲೆ ಬರೆದುಕೊಟ್ಟದ್ದನ್ನು ಮುಖ್ಯ ಪೇದೆ ವಿರುಪಾಕ್ಷಿಯವರು ನೋಡಿಕೊಂಡು ಬೆರಳಚ್ಚು ಮಾಡುತ್ತಿದ್ದಾರೆ. ನನ್ನ ಅಕ್ಷರ ಚೆನ್ನಾಗಿದೆ. ಮೂವತ್ತೆರಡು ವರ್ಷ ತೂಕದ ಚೀಟಿ ಬರೆದ ಕೈ ಇದು.

ನನ್ನ ಹೆಂಡತಿ ಅಬೇದಾಬಿ, ವಯಸ್ಸು 56. ಸಕ್ಕರೆ ಕಾಯಿಲೆಯಿಂದ 2021ರಲ್ಲಿ ಆಕೆಯ ಎರಡೂ ಕಣ್ಣು ಹೋಗಿವೆ. ನಾನು ಬರೆದದ್ದು ಆಕೆಗೆ ಕಾಣುವುದಿಲ್ಲ. ಆಕೆ ಕೇಳಿದ್ದಕ್ಕೆ ನಾನು ಬಾಯಿಂದ ಉತ್ತರ ಕೊಡಲಾರೆ. ಹೌದು ಎನ್ನಲು ಆಕೆಯ ಕೈಯನ್ನು ಒಂದು ಸಲ ಒತ್ತುತ್ತೇನೆ, ಇಲ್ಲ ಎನ್ನಲು ಎರಡು ಸಲ. ದೇವರು ಜೋಡಿ ಕೂಡಿಸುವಾಗ ನಮ್ಮ ಕಡೆ ನೋಡಿರಲಿಲ್ಲ ಎಂದು ಓಣಿಯವರು ನಗುತ್ತಾರೆ. ನಾವೂ ನಗುತ್ತಿದ್ದೆವು.

ನಮಗೆ ಒಬ್ಬಳೇ ಮಗಳು, ನಾಹೀದಾ, ವಯಸ್ಸು 27. ಕುಷ್ಟಗಿಗೆ ಕೊಟ್ಟಿದ್ದೇವೆ. ಅಲ್ಲಿ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ನಡೆಸುತ್ತಾಳೆ. ಆಪರೇಷನ್ ಆಗುವ ಮೊದಲು ಆಕೆ ಹತ್ತೊಂಬತ್ತು ದಿನ ನಮ್ಮ ಮನೆಯಲ್ಲಿದ್ದು, ನನ್ನಿಂದ 612 ಮಾತುಗಳನ್ನು ಆಡಿಸಿ ಕಂಪ್ಯೂಟರಿನಲ್ಲಿ ಹಿಡಿದಿಟ್ಟಳು. ಊಟ ಆಯ್ತೇನು, ಗುಳಿಗಿ ತಗೊಂಡಿ, ಬಾಗಿಲ ಹಾಕೀನಿ, ಇಂಥವು. ಪರದೆಯ ಮೇಲೆ ಸಾಲುಸಾಲಾಗಿ ಹೆಸರು ಬರೆದು ಜೋಡಿಸಿದಳು. ಬೇಕಾದದ್ದನ್ನು ಒತ್ತಿದರೆ ನನ್ನ ದನಿ ಬರುತ್ತಿತ್ತು. ಫೋನಿನಲ್ಲಿ ಅದೇ ದನಿ ಸೊಳ್ಳೆಯಂತೆ ಕೇಳುತ್ತದೆ ಎಂದು ನಾನೇ ಬೇಡವೆಂದು, ಎರಡು ದೊಡ್ಡ ಸ್ಪೀಕರ್ ಇರುವ ಕಂಪ್ಯೂಟರನ್ನೇ ಇಟ್ಟುಕೊಂಡೆ.

ಅಬೇದಾಬಿಗೆ ಎಲ್ಲಕ್ಕಿಂತ ಹಿಡಿಸಿದ್ದು ನನ್ನ ಮಾರುಕಟ್ಟೆಯ ಎಣಿಕೆ. ಕಾಳು ಅಳೆಯುವಾಗ ನಾವು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಲಾಭ, ಎರಡು, ಮೂರು ಎಂದು ನೂರರವರೆಗೆ ರಾಗ ಎಳೆದು ಕೂಗಿದ್ದು ಅದರಲ್ಲಿತ್ತು. ದಿನಾ ಸಂಜೆ ರೊಟ್ಟಿ ತಟ್ಟುವಾಗ ಆಕೆ ಅದನ್ನು ಹಚ್ಚಿಸಿಕೊಳ್ಳುತ್ತಿದ್ದಳು. ಐವತ್ತಕ್ಕೆ ಬರುವುದರೊಳಗೆ ರೊಟ್ಟಿ ಮುಗಿಯುತ್ತಿದ್ದವು. ನನಗೆ ಮಾತು ಬರುತ್ತಿದ್ದ ಕಾಲದಲ್ಲಿ ಆಕೆ ನನ್ನನ್ನು ಅಷ್ಟು ಗಮನವಿಟ್ಟು ಕೇಳಿದ್ದು ನಾನು ಕಾಣೆ.

ಈ ವರ್ಷ ಜುಲೈ ಕೊನೆಯಿಂದ, ಹತ್ತಿರದ ಅಕ್ಕಿ ಗಿರಣಿ ಶುರುವಾದಾಗಲೆಲ್ಲ ನಮ್ಮ ಕಂಪ್ಯೂಟರ್ ತಾನೇ ಆರಿ ತಾನೇ ಹತ್ತುತ್ತಿತ್ತು. 03-08-2025ರಂದು ಸಂಜೆ 5.30ಕ್ಕೆ ನಾಹೀದಾ ಫೋನಿನಲ್ಲಿ, ಒಳಗಿನ ಭಾಗಗಳಿಗೆಲ್ಲ ಕರೆಂಟು ಹಂಚುವ ಪವರ್ ಸಪ್ಲೈ ಡಬ್ಬಿ ಹಳತಾಗಿದೆ, ಅದನ್ನು ಬದಲಿಸಬೇಕು ಎಂದು ತಿಳಿಸಿದಳು. ಮುಂದುವರಿದು, “ಅಬ್ಬಾಜಾನ್, ಡಬ್ಬಿ ಮ್ಯಾಲ ನಾಕನೂರಾ ಐವತ್ತು ವ್ಯಾಟ್ ಅಂತ ಯಾರ ಬೇಕಾದ್ರೂ ಬರೀತಾರ, ಅದನ್ನ ನಂಬಬ್ಯಾಡ್ರಿ. ಪರೀಕ್ಷೆ ಪಾಸಾದ ಗುರುತು, ಕಂಪನಿ ಗ್ಯಾರಂಟಿ, ಬಿಲ್ಲು, ಮೂರೂ ಇರಬೇಕು. ನಾ ಮುಂದಿನ ಐತವಾರ ಬರ್ತೀನಿ, ಕೂಡಿ ಹೋಗೂಣು,” ಎಂದು ಹೇಳಿದಳು. ಯಾವ ಕಂಪನಿಯದು ಎಂದೂ ಹೇಳಿದಳು, ನಾನು ಬರೆದುಕೊಂಡೆ. ಅಬೇದಾಬಿ ಪಕ್ಕದಲ್ಲೇ ಕೂತು ಕೇಳಿದಳು. ನಾನು “ಆಗಲಿ ಮಗಳ” ಎಂಬುದನ್ನು ಒತ್ತಿದೆ. ಅಂದರೆ ನನ್ನದೇ ದನಿಯಲ್ಲಿ ಒಪ್ಪಿಕೊಂಡೆ.

ಐತವಾರದವರೆಗೆ ನಾನು ತಡೆಯಲಿಲ್ಲ. 05-08-2025, ಮಂಗಳವಾರ ಬೆಳಿಗ್ಗೆ 11.20ಕ್ಕೆ ಗಂಗಾವತಿ ಬಸ್ ನಿಲ್ದಾಣದಿಂದ 340 ಹೆಜ್ಜೆ ದೂರದ ಗೋವಿಂದರಾಜ ಎಂಬುವರ ಕಂಪ್ಯೂಟರ್ ಅಂಗಡಿಗೆ ಹೋದೆ. ಮಗಳು ಹೇಳಿದ ಕಂಪನಿಯ ಡಬ್ಬಿ ಅಲ್ಲಿತ್ತು. ಕೈಯಲ್ಲಿ ಎತ್ತಿದೆ. ಒಂದು ಕಿಲೋ ನಾನೂರು ಗ್ರಾಂ. ಪಕ್ಕದಲ್ಲಿ ಹೆಸರು ಕೇಳದ ಇನ್ನೊಂದು ಡಬ್ಬಿ ಇತ್ತು. ಎತ್ತಿದೆ. ಎರಡು ಕಿಲೋಗೆ ನಲವತ್ತು ಗ್ರಾಂ ಕಡಿಮೆ. ಕೈಯಲ್ಲಿ ಜಗ್ಗುವ ಚೀಲದಲ್ಲಿ ಕಾಳು ಗಟ್ಟಿ, ಹಗುರ ಚೀಲದಲ್ಲಿ ಜೊಳ್ಳು, ಇದು ನನಗೆ ಗೊತ್ತಿದ್ದ ವಿದ್ಯೆ. ನನ್ನ ಅಂದಾಜನ್ನು ಚೀಟಿಯಲ್ಲಿ ಬರೆದು ತೋರಿಸಿದಾಗ ಗೋವಿಂದರಾಜ ತಮಾಷೆಗೆ ಅದನ್ನು ಪಾರ್ಸೆಲ್ ತೂಗುವ ತಕ್ಕಡಿಗೆ ಹಾಕಿದರು. 1 ಕಿಲೋ 960 ಗ್ರಾಂ ತೋರಿಸಿತು. “ಸಾಹೇಬ್ರ ಕೈ ಅಂದ್ರ ಕೈ ನೋಡ್ರಿ!” ಎಂದು ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ ಹೊಗಳಿದರು. ನಾನು ಉಬ್ಬಿ ಅದನ್ನೇ ಕೊಂಡೆ. ಗ್ಯಾರಂಟಿ ಕೇಳಲಿಲ್ಲ, ಬಿಲ್ಲು ಕೇಳಲಿಲ್ಲ, ಗುರುತು ನೋಡಲಿಲ್ಲ. ಎರಡು ವರ್ಷದಿಂದ ನನ್ನನ್ನು ಯಾರೂ ಯಾವುದಕ್ಕೂ ಹೊಗಳಿರಲಿಲ್ಲ.

ಅದೇ ದಿನ ಮಧ್ಯಾಹ್ನ 3 ಗಂಟೆಗೆ ನಮ್ಮ ಓಣಿಯ ರಿಪೇರಿಯವನಾದ ಜಮೀರ ಬಂದು ಅದನ್ನು ಕೂಡಿಸಿದ. ಯಾವ ಡಬ್ಬಿ ತಂದೆನೆಂದು ಅಬೇದಾಬಿ ಕೇಳಲಿಲ್ಲ. ನಾನೂ ತಿಳಿಸಲಿಲ್ಲ.

07-08-2025, ಗುರುವಾರ ಬೆಳಿಗ್ಗೆ 6.40ಕ್ಕೆ ನಾನು “ಎದ್ದಿ ಏನು” ಎಂಬುದನ್ನು ಒತ್ತಿದೆ. ಅರ್ಧ ಮಾತು ಬಂತು. ಆಗ ಗಿರಣಿ ಶುರುವಾಗಿ ದೀಪ ಒಮ್ಮೆ ಜೋರಾಗಿ ಉರಿಯಿತು. ಡಬ್ಬಿಯೊಳಗೆ ಪಟ್ ಎಂದು ಸದ್ದಾಗಿ ಹೊಗೆ ಬಂತು. ವಾಸನೆಗೆ ಅಬೇದಾಬಿ ಎದ್ದು ಕೂತು, ಏನಾಯಿತು, ಏನಾಯಿತು ಎಂದು ಏಳು ಎಂಟು ಸಲ ಕೇಳಿದಳು. ನಾನು ಪ್ಲಗ್ ಕಿತ್ತು ಆಕೆಯ ಕೈ ಹಿಡಿದುಕೊಂಡೆ.

ಜಮೀರ 8.15ಕ್ಕೆ ಬಂದು ಬಿಚ್ಚಿದ. ಮಾತುಗಳೆಲ್ಲ ಇದ್ದ ಹಾರ್ಡ್ ಡಿಸ್ಕ್ ಸುಟ್ಟಿತ್ತು. ನಕಲು ಇಟ್ಟಿದ್ದ ಪೆನ್ ಡ್ರೈವ್ ಕೂಡ ಸುಟ್ಟಿತ್ತು. ಕೆಲಸವಾದ ಮೇಲೆ ಅದನ್ನು ಕಿತ್ತು ಬೇರೆ ಕಡೆ ಇಡಬೇಕೆಂದು ನಾಹೀದಾ ಹೇಳಿದ್ದಳು. ಕಳೆದುಹೋದೀತೆಂದು ನಾನು ಅದನ್ನು ಕಂಪ್ಯೂಟರಿಗೇ ಸಿಕ್ಕಿಸಿ ಬಿಟ್ಟಿದ್ದೆ. ಆಮೇಲೆ ಜಮೀರ ಹೊಸ ಪವರ್ ಸಪ್ಲೈಯನ್ನು ಬಿಚ್ಚಿ, ಒಳಗೆ ಅಂಟು ಹಚ್ಚಿ ಕೂಡಿಸಿದ್ದ ಒಂದು ಕಬ್ಬಿಣದ ಪಟ್ಟಿಯನ್ನು ತೆಗೆದು ನನ್ನ ಕೈಗೆ ಕೊಟ್ಟ. ಅದಕ್ಕೆ ಒಂದು ತಂತಿಯೂ ಇರಲಿಲ್ಲ. 900 ಗ್ರಾಂ. ಕರೆಂಟು ಏರಿದರೆ ತಡೆಯುವ ಭಾಗ ಮಾತ್ರ ಒಳಗೆ ಇರಲೇ ಇಲ್ಲ. “ಭಾರ ಇದ್ರ ಛಲೋ ಮಾಲು ಅಂತ ಮಂದಿ ತಿಳ್ಕೊಂಡಾರಲ್ರಿ ಚಾಚಾ, ಅದು ಮಾಡಾವ್ರಿಗೂ ಗೊತ್ತೈತಿ,” ಎಂದ.

ಸುದ್ದಿ ತಿಳಿದು ನಾಹೀದಾ ಕುಷ್ಟಗಿಯಿಂದ 10.50ಕ್ಕೆ ಮನೆಗೆ ಬಂದಳು. ಆಗ ನಡೆದದ್ದನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ. ಅಬೇದಾಬಿ ನನ್ನ ಕಡೆ ಕೈ ಚಾಚಿ, “ಇಕಿ ಹೇಳಿದ್ದನ್ನ ತಂದಿದ್ರಿ, ಹೌದಲ್ರಿ?” ಎಂದು ಕೇಳಿದಳು. ನಾನು ಆಕೆಯ ಕೈಯನ್ನು ಒಂದು ಸಲ ಒತ್ತಿದೆ.

ನಾಹೀದಾ ಅದನ್ನು ನೋಡಿದಳು. ಒಡೆದ ಡಬ್ಬಿಯೂ ಅದರ ಹೆಸರೂ ಆಕೆಯ ಕಾಲ ಬಳಿಯೇ ಇದ್ದವು. ಅಬೇದಾಬಿ ಮಗಳಿಗೆ, “ನಿನ್ನ ಶ್ಯಾಣ್ಯಾತನಕ್ಕ ನಿಮ್ಮಪ್ಪ ಎರಡನೇ ಸಲ ಸತ್ತ. ಇನ್ನ ಈ ಮನಿಗಿ ಬರಬ್ಯಾಡ,” ಎಂದಳು. ನಾಹೀದಾ, ಹೌದು ಅಮ್ಮಾ, ತಪ್ಪು ನನ್ನದೇ ಎಂದಳು. ನೀರೂ ಕುಡಿಯದೆ 11.30ಕ್ಕೆ ಹೊರಟುಹೋದಳು. ನಾನು ಬಾಗಿಲವರೆಗೆ, ಅಂದರೆ ಹನ್ನೊಂದು ಹೆಜ್ಜೆ ಹೋದೆ. ಅಷ್ಟೇ.

ಆವತ್ತಿನಿಂದ ಅಬೇದಾಬಿ ಮಗಳ ಫೋನ್ ತೆಗೆದುಕೊಂಡಿಲ್ಲ. ನಿಜವನ್ನು ಎರಡು ಸಲ ಚೀಟಿಯಲ್ಲಿ ಬರೆದು, ಓದಿ ಹೇಳೆಂದು ಜಮೀರನಿಗೆ ಕೊಡಲು ಹೋಗಿ, ಓಣಿಯಲ್ಲಿ ಮಾನ ಹೋಗುತ್ತದೆ ಎಂದು ಎರಡು ಸಲವೂ ಮಡಚಿ ಕಿಸೆಗೆ ಹಾಕಿಕೊಂಡೆ. 612 ಮಾತುಗಳನ್ನು ಆಡಿಸುವಾಗ ನಾಹೀದಾ “ತಪ್ಪಾಯ್ತು” ಎಂಬುದನ್ನೂ ಹೇಳಿಸಲು ನೋಡಿದ್ದಳು. ನಾನೇನು ತಪ್ಪು ಮಾಡೇನು ಎಂದು ನಕ್ಕು ಬಿಟ್ಟಿದ್ದೆ.

ಹುಬ್ಬಳ್ಳಿಗೆ ಕಳಿಸಿದ್ದ ಹಾರ್ಡ್ ಡಿಸ್ಕ್ 16-08-2025ರಂದು ವಾಪಸ್ಸು ಬಂತು. ಏನೂ ತೆಗೆಯಲಾಗದು ಎಂದು ಚೀಟಿ ಹಚ್ಚಿದ್ದರು. ನಿನ್ನೆ ಮಧ್ಯಾಹ್ನ 12.30ಕ್ಕೆ ಗೋವಿಂದರಾಜರ ಅಂಗಡಿಗೆ ಹೋಗಿ ಕಬ್ಬಿಣದ ಪಟ್ಟಿ ತೋರಿಸಿದೆ. ಅವರು, ಡಬ್ಬಿ ಸೀಲ್ ಆಗಿಯೇ ಬಂದಿತ್ತು, ಒಳಗೆ ಏನಿದೆ ಎಂದು ತಮಗೂ ಗೊತ್ತಿರಲಿಲ್ಲ ಎಂದರು. “ಛಲೋದು ಮುಂದ ಇತ್ತಲ್ರಿ, ಎತ್ತಿ ನೋಡಿ ಇಟ್ಟವ್ರು ನೀವ,” ಎಂದೂ ಹೇಳಿದರು. ಅದು ಸುಳ್ಳಲ್ಲ.

ಇದು ಗ್ರಾಹಕರ ನ್ಯಾಯಾಲಯಕ್ಕೆ ಹೋಗಬೇಕಾದದ್ದು, ಬಿಲ್ಲು ಇಲ್ಲದೆ ಅಲ್ಲಿಯೂ ನಿಲ್ಲುವುದಿಲ್ಲ ಎಂದು ವಿರುಪಾಕ್ಷಿಯವರು ನನಗೆ ಎರಡು ಸಲ ತಿಳಿಸಿದ್ದಾರೆ. ಆದರೂ ಬರೆದುಕೊಳ್ಳಿರೆಂದು ನಾನು ಕೈಮುಗಿದೆ. ಯಾರಿಗೂ ಶಿಕ್ಷೆ ಆಗಲೆಂದು ನಾನು ಬಂದಿಲ್ಲ, ಹೋದದ್ದು ಬರುವುದೂ ಇಲ್ಲ. ಹೇಳಿಕೆ ಕೊಟ್ಟವನ ಮುಂದೆ ಅದನ್ನು ಓದಿ ಹೇಳುವ ಪದ್ಧತಿ ಠಾಣೆಯಲ್ಲಿದೆ ಎಂದು ಕೇಳಿದ್ದೆ. ಅದಕ್ಕೆ ಹೆಂಡತಿಯನ್ನು ಕರೆದುಕೊಂಡು ಬಂದೆ. ಗಟ್ಟಿಯಾಗಿ ಓದಬೇಕೆಂದು ವಿನಂತಿ.

ಮೇಲಿನದನ್ನು ವಿರುಪಾಕ್ಷಿಯವರು ಮಧ್ಯಾಹ್ನ 1.05ರಿಂದ 1.16ರವರೆಗೆ ಗಟ್ಟಿಯಾಗಿ ಓದಿದರು. ಅಬೇದಾಬಿ ಬೆಂಚಿನ ಮೇಲೆ ಕೂತು ಪೂರ್ತಿ ಕೇಳಿದಳು. ಮುಗಿದ ಮೇಲೆ ವಿರುಪಾಕ್ಷಿಯವರ ದನಿ ಬಂದ ಕಡೆಗೆ ಮುಖ ಮಾಡಿ, “ಆವತ್ತು ಹೌದಂತ ಯಾಕ ಅಂದ್ರಿ?” ಎಂದು ಕೇಳಿದಳು. ಪ್ರಶ್ನೆ ನನಗೆ ಕೇಳಿದ್ದು. ನಾನು ಆಕೆಯ ಬಲಕ್ಕೆ ಆರು ಅಡಿ ದೂರದಲ್ಲಿ ನಿಂತಿದ್ದೆ.

ಇದನ್ನೂ ಸೇರಿಸಬೇಕೆಂದು ನಾನು ಬರೆದುಕೊಟ್ಟ ಮೇರೆಗೆ ಸೇರಿಸಲಾಗಿದೆ. ಬರೆಸಿದ್ದೆಲ್ಲ ನಿಜ, ನನ್ನ ಮೇಲೆ ಯಾರ ಒತ್ತಾಯವೂ ಇಲ್ಲ.

ಸ್ಥಳ: ಗಂಗಾವತಿ
ದಿನಾಂಕ: 19-08-2025
ಸಹಿ: ಮೆಹಬೂಬಸಾಬ