ಫಿಲೋನ್‌ನ ಬಿಡುಗಡೆ

ನಗು, ನಗು! ಬಿಡುಗಡೆಯ ಟೋಪಿ ತಲೆಗೇರಿ ಇನ್ನೂ ಅರ್ಧ ದಿನ ಆಗಿಲ್ಲ, ಆಗಲೇ ನನ್ನ ಮುಖ ನೋಡಿ ನಗೋದು ಕಲಿತ್ಯಾ? ನಿನ್ನೆವರೆಗೂ ನೆಲ ನೋಡ್ಕೊಂಡು ನಿಲ್ತಿದ್ದೆ!

ಗಂಟು ಕೆಳಗಿಡು, ಫಿಲೋನ್. ಇಡು ಅಂದೆ!... ಸರಿ, ಹಿಡ್ಕೊಂಡೇ ನಿಲ್ಲು. ಆದ್ರೆ ನಾನು ಹೇಳೋದು ಕೇಳಿಸ್ಕೊಂಡು ಹೋಗು.

ಬೆಳಿಗ್ಗೆ ನ್ಯಾಯಾಧಿಕಾರಿ ಎದುರು ಏನಾಯ್ತು? ಅವನ ಸೇವಕ ನಿನ್ನ ತಲೆಗೆ ಕೋಲು ಮುಟ್ಟಿಸಿದ. ನಾನು ನಿನ್ನ ಕೈ ಹಿಡಿದು ಒಂದು ಸುತ್ತು ತಿರುಗಿಸಿ ಬಿಟ್ಟೆ. ಅಷ್ಟೇ, ನೀನು ರೋಮಿನ ಪ್ರಜೆ! ನನ್ನ ಹೆಸರೂ ನಿಂದಾಯ್ತು. ನುಮೀರಿಯಸ್ ವೆಟ್ಟಿಯಸ್ ಫಿಲೋನ್! ಹನ್ನೆರಡು ವರ್ಷ ನನ್ನ ವಾದಗಳನ್ನ ಬರ್ಕೊಂಡು ಕೂತಿದ್ದ ಗುಲಾಮನಿಗೆ ಯಾವ ಯಜಮಾನ ಕೊಡ್ತಾನೆ ಇಷ್ಟನ್ನ? ಪ್ರೀತಿ ಇಲ್ದೆ ಕೊಡ್ತಾನಾ?

ಯಾಕೆ ಹುಬ್ಬು ಏರಿಸ್ತೀಯ?

ಹೌದಪ್ಪ, ನನ್ನ ಕಂಡ್ರಾಗದ ಆ ಲುಕ್ಕೇಯಸ್ ನನ್ನ ಮೇಲೆ ದೂರು ಕೊಟ್ಟಿದಾನೆ. ನಾಳೆ ವಿಚಾರಣೆ, ಅದೂ ನಿಜ. ಆ ದೂರು ಇಲ್ದೇ ಇದ್ದಿದ್ರೆ ನಿನ್ನನ್ನ ಬಿಡ್ತಿದ್ನಾ, ಅಂತ ತಾನೇ? ಅಯ್ಯೋ, ನಿನಗೋಸ್ಕರ ಕಣೋ! ಯಜಮಾನನ ವಿರುದ್ಧ ಗುಲಾಮನ ಸಾಕ್ಷಿ ನಡೆಯಲ್ಲ ಅಂತಾರೆ, ಆಮೇಲೆ ಏನ್ಮಾಡ್ತಾರೆ? ಅವನನ್ನೇ ಸರ್ಕಾರದ ಖಜಾನೆಗೆ ಕೊಂಡ್ಕೊಂಡು, ಇನ್ನು ಇವನು ಆ ಯಜಮಾನನ ಆಳಲ್ಲ ಅಂತ ಹೇಳಿ, ಮರದ ಚೌಕಟ್ಟಿಗೆ ಕಟ್ಟಿ, ಕೀಲು ಕಳಚೋವರೆಗೂ ಎಳೆದು ಕೇಳ್ತಾರೆ. ಸ್ವತಂತ್ರನಾದವನ ಮೈ ಮುಟ್ಟೋ ಹಾಗಿಲ್ಲ. ನಿನ್ನ ಮೂಳೆ ಉಳಿಸಿದೀನಿ!

...ನನ್ನ ಮಾನಾನೂ ಉಳಿಸ್ಕೊಂಡೆ. ಆಯ್ತು. ಅದರಲ್ಲೇನು ತಪ್ಪು?

ಈ ಊರಿನ ಕಪಟ ನೋಡು! ಲುಕ್ಕೇಯಸ್ ಮನೇಲಿ ಬಡಿಸೋಕೆ ನಿಲ್ಲೋ ಗುಲಾಮರಲ್ಲಿ ಅವನ ಹಾಸಿಗೆ ಕಾಣದವನು ಯಾರು? ಅವನ ಹೆಂಡತಿಗೂ ಗೊತ್ತು, ಮಾವನಿಗೂ ಗೊತ್ತು. ಯಜಮಾನ ಗುಲಾಮನ ಜೊತೆ ಮಲಗಿದ್ರೆ ಅದು ಸುದ್ದೀನೇ ಅಲ್ಲ. ಯಜಮಾನನೇ ಗುಲಾಮನಿಗೆ ಹೆಣ್ಣಾದ ಅಂದ್ರೆ? ಇಡೀ ಪೇಟೆ ಕ್ಯಾಕರಿಸಿ ಉಗಿಯುತ್ತೆ! ನನ್ನ ಮೇಲಿರೋ ದೂರು ಅದೇ, ಸಾಬೀತಾದ್ರೆ ನಾನು ಇನ್ನೊಬ್ಬರ ಪರವಾಗಿ ಬಾಯಿ ತೆರೆಯೋ ಹಾಗಿಲ್ಲ. ಇಪ್ಪತ್ತು ವರ್ಷದ ವಕೀಲಿ, ಅಲ್ಲಿಗೆ ಮುಗೀತು. ನಿನ್ನೆ ಊರಿನ ಸ್ನಾನದ ಮನೇಲಿ ಎಲ್ಲರೆದುರು ಕೂಗಿದ್ರು: "ವೆಟ್ಟಿಯಸ್, ನೀನು ಒಂದೇ ಬೆರಳಲ್ಲಿ ತಲೆ ಕೆರ್ಕೋತೀಯಂತೆ?" ಕೂದಲು ಕೆದರದ ಹಾಗೆ ಕೆರ್ಕೊಳ್ಳೋನು ಹೆಂಗಸಂತೆ! ತಲೆ ತುರಿಸ್ತಿದ್ರೂ ಕೈ ಎತ್ತದೆ ಕೂತಿದ್ದೆ, ಗೊತ್ತಾ?

ಏನು, ಈಗ ನಗಲ್ವಾ? ಇದಕ್ಕೆ ನಗಬಹುದಿತ್ತು.

ನಾಳೆ ಬಾ. ಲುಕ್ಕೇಯಸ್ ಹೇಳೋದು ಸುಳ್ಳು ಅಂತ ಒಂದೇ ಮಾತು ಹೇಳು. ನಿನ್ನ ಆಣೆಗೆ ಈಗ ಬೆಲೆ ಇದೆ. ಅಪ್ಪಣೆ ಅಲ್ಲ ಕಣೋ, ಕೇಳ್ಕೋತಿದೀನಿ. ನಾನು! ನಿನ್ನನ್ನ!

ಯಾಕೆ ಬಾಗಿಲ ಕಡೆ ನೋಡ್ತೀಯ? ನೀನೂ ನನ್ನನ್ನ ಬಯಸಿದ್ದೆ ತಾನೇ? ಸಂತೆಯಿಂದ ತಂದಾಗಲೇ ನೀನು ಇಪ್ಪತ್ತೈದರ ಗಂಡಸು, ಏನೂ ಅರಿಯದವನಲ್ಲ. ಕರೆದಾಗಲೆಲ್ಲ ಬಂದೆ. ಒಂದು ಸಲವಾದ್ರೂ ಆಗಲ್ಲ ಅಂದ್ಯಾ?

...ಅಂದಿದ್ದೆ. ಮೊದಲನೇ ವರ್ಷ, ಒಂದ್ಸಲ. ಅದನ್ನ ಇನ್ನೂ ನೆನಪಿಟ್ಕೊಂಡಿದೀಯಾ? ನಿನ್ನನ್ನ ಹಿಟ್ಟಿನ ಗಿರಣಿಗೆ ಕಳಿಸಿದ್ದು ಎರಡೇ ದಿನ. ಕತ್ತೆ ಜೊತೆ ನೊಗ ಎಳೆಸಿದ್ದು ಆ ಮೇಸ್ತ್ರಿ, ನಾನಲ್ಲ.

ಹಾಗೆ ನೋಡಬೇಡ.

ಎಂಟು ದಿನ. ಸರಿ, ಎಂಟು ದಿನ! ಸಿಟ್ಟಿನಲ್ಲಿ ಮಾಡಿದೆ! ಆಮೇಲೆ ನೀನು ಯಾವತ್ತೂ ಇಲ್ಲ ಅಂದಿಲ್ಲ. ಅದು ಪ್ರೀತಿ ಅಲ್ದೆ ಮತ್ತೇನು?... ಮತ್ತೇನೋ?

ಈಗ ನಿನ್ನನ್ನ ಯಾವ ಗಿರಣಿಗೂ ಕಳಿಸೋಕಾಗಲ್ಲ. ಧೈರ್ಯವಾಗಿ ಮಾತಾಡು. ಈ ಹನ್ನೆರಡು ವರ್ಷದಲ್ಲಿ, ನಾನು ಕರೀದೆ, ನೀನಾಗೇ ಬಂದ ಒಂದು ದಿನ ಹೇಳು. ಒಂದೇ ಸಾಕು. ಯೋಚನೆ ಮಾಡು, ಅವಸರ ಇಲ್ಲ...

ಫಿಲೋನ್?

ಒಂದೂ ಇಲ್ವಾ?